ಎರಡು ಗೀಟಿನ ನಡುವ

ಗಾಡಿ ತಣ್ಣಗಾಗಿರಬೇಕು, ನೆಲ ಸಮ ಇರಬೇಕು.
ಬೆಟಗೇರಿಯೊಳಗ ಸಮ ನೆಲ ಅಂದ್ರ
ನಮ್ಮ ದವಾಖಾನಿ ಆಂಬ್ಯುಲೆನ್ಸ್ ನಿಲ್ಲೂ ಜಾಗ ಒಂದ.
ರಾತ್ರಿ ಪಾಳಿ ಮುಗಿಸಿ, ಮಾರಿ ತೊಳಕೊಂಡು
ಬಾನೆಟ್ ಎತ್ತೇನಿ. ಇನ್ನೂ ಆರೂ ಆಗಿಲ್ಲ.
ಗೋಡಿ ಆಚೆ ಯಾರದೋ ಒಂದ ಮಗ್ಗ ಎದ್ದೈತಿ.

ಮಾರುತಿ ಎಂಟುನೂರು, ಪಿ.ಎಫ್. ಸಾಲದಾಗ ತಗೊಂಡದ್ದು,
ನನಗಿಂತ ಮೊದಲ ಮೂರು ಮಂದಿ ಹೊಡದು ಬಿಟ್ಟದ್ದು.
ನಿನ್ನೆ ಸರ್ವಿಸ್ ಆತು, ಮುಳಗುಂದ ನಾಕಾದಾಗ.
ಬರೂ ಮುಂದ ಯಾಕೋ
ಉಂಡು ಮಲಗಿದವರನ್ನ ಎಬ್ಬಿಸಿದಂಗ ಏರು ಏರಿತು,
ಹಿಂದಿನ ಕನ್ನಡಿಯಾಗ ನೀಲಿ ಹೊಗಿ.

ಕಡ್ಡಿ ಎಳದೆ. ಗಾಜ್ ತುಂಡಿನಿಂದ ಒರಸಿದೆ.
ಬುಡಮಟ ಇಳಿಸಿ ಮತ್ತ ಎಳದೆ.
ಕೆಳಗೊಂದು ಗೀಟು, ಮ್ಯಾಲೊಂದು ಗೀಟು.
ಎಣ್ಣಿ ಮ್ಯಾಲಿನದನ್ನೂ ದಾಟಿ
ಒಂದು ಬಟ್ಟು ಎತ್ತರಕ್ಕ ನಿಂತೈತಿ:
ಜೇನಿನ ಬಣ್ಣ, ಹೊಸಾದು, ಎಳ್ಳಷ್ಟು ಕಸಾ ಇಲ್ಲ,
ಬೈಯಾಕೂ ಮನಸ್ಸು ಬರದಷ್ಟು ಚಂದ.

ಕಡಿಮಿ ಆದ್ರ ಎಂಜಿನ್ ಕೂಗತೈತಿ, ಕೆಂಪು ದೀಪ ಹತ್ತತೈತಿ.
ಹೆಚ್ಚಾದ್ರ ಸುಮ್ಮನ ಒಳಗೊಳಗ ನೊರಿ ಕಟ್ಟತೈತಿ.
ಅದನ್ನ ನನಗ ಯಾರೂ ಹೇಳಿಕೊಡಬೇಕಾಗಿಲ್ಲ.

ಸ್ಟೋರಿನಾಗ ತಾರೀಖು ಮೀರಿದ ರೈಲ್ಸ್ ಟ್ಯೂಬ್ ಇತ್ತು,
ಐವತ್ತು ಎಂ.ಎಲ್. ಸಿರಿಂಜು ಇತ್ತು.
ಎರಡು ನಿಮಿಷ ಗಾಡಿ ಚಾಲೂ ಮಾಡಿ, ಎಣ್ಣಿ ತೆಳ್ಳಗಾದ ಮ್ಯಾಲೆ
ಕಡ್ಡಿ ಇದ್ದ ತೂತಿನಾಗ ಟ್ಯೂಬು ಇಳಿಸಿದೆ,
ಮೂಗಿನಾಗ ಇಳಿಸಿದಂಗ, ಗಡಿಬಿಡಿ ಮಾಡದ.
ಆಂಬ್ಯುಲೆನ್ಸಿನ ಫಕೀರಪ್ಪ ಬಾಯಾಗ ಬ್ರಷ್ ಇಟಗೊಂಡ ಬಂದ:
"ಏನ್ರಿ ಸಿಸ್ಟರ, ಈ ಪೇಶೆಂಟ್ ಯಾವಾಗ ಅಡ್ಮಿಟ್ ಆತು?"
ಒಂದು ಸಿರಿಂಜು. ಎರಡು. ಸಾವಕಾಶ ಬರತೈತಿ.
ಮೂರು. ನಾಕು. ಹೆಬ್ಬಟ್ಟು ನೋಯತೈತಿ.

ಐದಕ್ಕ ನೀಲವ್ವ ನೆನಪಾದ್ಲು.
ಹನ್ನೊಂದು ನಂಬರ್ ಕಾಟು, ನನ್ನ ನೌಕರಿಯ ಮೊದಲ ವರ್ಷ.
"ಇನ್ನೊಂದು ಬಾಟ್ಲಿ ಹಚ್ಚರಿ ಅಕ್ಕಾರ, ಮೈಯಾಗ ಶಕ್ತಿ ಬರ್ಲಿ"
ಅಂತ ಅಕಿ ತಂಗಿ ನನ್ನ ಗದ್ದಾ ಹಿಡದು ಬೇಡಿದ್ಲು.
ಒಲ್ಲೆ ಅನ್ನಾಕ ಬರಲಿಲ್ಲ ನನಗ. ಹಚ್ಚಿದೆ.
ಮೂರರ ಸುಮಾರ ಅಕಿ ಎದಿಯೊಳಗ
ಹುಕ್ಕಾ ಸೇದಿದಂಗ ಗುಳುಗುಳು.
ಡಾಕ್ಟರು ಓಡಿ ಬಂದ್ರು, ಇಂಜೆಕ್ಷನ್ ಕೊಟ್ರು,
ಬೆಳಕ ಹರಿಯೂದ್ರಾಗ ಉಚ್ಚಿ ಚೀಲ ತುಂಬಿ
ನೀಲವ್ವ ಎದ್ದ ಕುಂತು ಚಾ ಕೇಳಿದ್ಲು.
ಯಾರೂ ನನ್ನ ಏನೂ ಕೇಳಲಿಲ್ಲ.
ಚಾರ್ಟಿನಾಗ ನಾ ಬರದದ್ದು ಒಂದ ಬಾಟ್ಲಿ.

ಹನ್ನೊಂದನೇ ಸಿರಿಂಜಿಗೆ ನಿಲ್ಲಿಸಿದೆ.
ಹತ್ತು ನಿಮಿಷ ತಡದು, ಕಡ್ಡಿ ಒರಸಿ ನೋಡಿದ್ರ
ಮ್ಯಾಲಿನ ಗೀಟಿಗೆ ಒಂದು ಕೂದಲೆಳಿ ಕೆಳಗ.
ಎಣ್ಣಿ ತುಂಬಿದ ಸಲೈನ್ ಬಾಟ್ಲಿಗೆ ಪಟ್ಟಿ ಅಂಟಿಸಿ ಬರದೆ:
ಹೊರಗ ತಗದದ್ದು ಐದುನೂರಾ ಐವತ್ತು.
ತಾರೀಖು, ವ್ಯಾಳ್ಯಾ, ಸಹಿ.

ಗ್ಯಾರೇಜಿಗೆ ಹೋದಾಗ ನೂಲ್ವಿ ಮೇಸ್ತ್ರಿ ಬಂದಿರಲಿಲ್ಲ.
ಮಾಬೂಲಿ ಕಸಾ ಹೊಡ್ಯಾಕತ್ತಿದ್ದ, ಕೆಲಸಕ್ಕ ಸೇರಿ
ಇನ್ನೂ ಮೂರು ವಾರ. ಬಾಟ್ಲಿ ನೋಡಿ ನಿಂತ.
"ಡಬ್ಬಿ ಮೂರೂವರಿ ಲೀಟರಿಂದು. ಪೂರಾ ಸುರುವಿದೇನು?"
"ಹೂನ್ರಿ. ಉಳಿಸಿದ್ರ ಕದ್ದಾನ ಅಂತಾರ್ರಿ ಮಂದಿ."

ಅವನ ಕಿವಿ ಕೆಂಪಾಗಿದ್ದವು. ಬೈಗಳ ಕಾಯಾಕತ್ತಿದ್ದ.
ಬೈಬೇಕಂತಲೇ ಹೋದಾಕಿ ನಾನು.
"ಬಾ ಇಲ್ಲೆ," ಅಂದೆ, "ಕಡ್ಡಿ ಎಳಿ."
ಅಂವ ಕೈ ಪ್ಯಾಂಟಿಗೆ ತಿಕ್ಕಿಕೊಂಡ,
ಎಳದ, ಅಂಗಿ ತುದಿಲೆ ಒರಸಿದ, ಇಳಿಸಿದ,
ಮತ್ತ ಎಳದು ಬೆಳಕಿಗೆ ಅಡ್ಡ ಹಿಡದ,
ವಾರ್ಡಿಗೆ ಹೊಸದಾಗಿ ಬಂದ ಹುಡುಗ್ಯಾರು
ಥರ್ಮಾಮೀಟರ್ ಹಿಡದಂಗ,
ಒಂದ ಕಣ್ಣು ಮುಚ್ಚಿ.