ಕೆಳಗಿನ ಅಂಕಿ ಕೇಳಿಸಲಿಲ್ಲ

ಗೋಣಿಕೊಪ್ಪದಿಂದ ಬರುವ ಕೊನೆ ಬಸ್ಸು
ವಿರಾಜಪೇಟೆಯ ನಿಲ್ದಾಣ ದಾಟಿ ಆಸ್ಪತ್ರೆಯ ಗೇಟಿಗೇ ಬಂತು,
ಹನ್ನೊಂದು ಜನ ಪ್ರಯಾಣಿಕರ ಸಮೇತ.
ಡ್ರೈವರ್ ಮೊಯ್ದು ಹೊತ್ತು ತಂದದ್ದು ತನ್ನದೇ ಕಂಡಕ್ಟರನ್ನು:
ಉತ್ತಯ್ಯ. ಹೆಗಲಲ್ಲಿನ್ನೂ ಚರ್ಮದ ಚೀಲ,
ಜೇಬಲ್ಲಿ ನಿದ್ದೆ ಮಾತ್ರೆಯ ಖಾಲಿ ಹಾಳೆ.

ಪಟ್ಟಿ ಸುತ್ತಿ ಗಾಳಿ ಒತ್ತಿದೆ.
ಮೇಲಿನದು ಎಪ್ಪತ್ತು. ಅದೂ ಬೆರಳಿಗೆ ಸಿಕ್ಕಿದ್ದು.
ಕೆಳಗಿನದು ಕೇಳಿಸಲಿಲ್ಲ.

ಬೀದರಿನ ಹುಡುಗ ಡಾಕ್ಟರು, ಬಂದು ಮೂರು ತಿಂಗಳು,
"ಮೊದಲ ಉಸಿರು ನೋಡ್ರಿ ಸಿಸ್ಟರ್, ಬಿಪಿ ಆಮ್ಯಾಗ" ಎಂದ.
ಗದ್ದ ಎತ್ತಿ ಹಿಡಿದೆ. ಆಕ್ಸಿಜನ್ ಸುಯ್ಯೆಂದಿತು.
ಮಂಚದ ಕಾಲಕಡೆಗೆ ಎರಡು ಇಟ್ಟಿಗೆ,
ನಮ್ಮ ಅಡುಗೆಮನೆ ಕಟ್ಟಿ ಉಳಿದವು, ಇದಕ್ಕೆಂದೇ ತಂದಿಟ್ಟಿದ್ದೇನೆ.
ಸಲೈನು ಬಿಟ್ಟೆ.

ರಕ್ತ ಎಲ್ಲೂ ಹೋಗಿಲ್ಲ ಮೊಯ್ದು,
ಬದು ಒಡೆದರೆ ಅಷ್ಟೇ ನೀರು ಎರಡು ಗದ್ದೆಗೆ ಹರಡಿ
ಮೊಣಕಾಲಿಗಿದ್ದದ್ದು ಹಿಮ್ಮಡಿಗೆ ಇಳಿಯುತ್ತಲ್ಲ, ಹಾಗೆ.
ಮಾತ್ರೆ ಅವನೊಬ್ಬನನ್ನೇ ಮಲಗಿಸಿಲ್ಲ,
ನರನಾಳದ ಗೋಡೆಗಳನ್ನೂ ಮಲಗಿಸಿದೆ.

ಎರಡನೇ ಬಾಟಲಿ. ಎಪ್ಪತ್ತೆಂಟು.
ಮೂರನೆಯದಕ್ಕೆ ಕೈ ಹಾಕಿದೆ, ಡಾಕ್ಟರು ತಡೆದ.
ಬೆನ್ನಿಗೆ ಸ್ಟೆತ್ ಇಟ್ಟು ಕೇಳಿದ:
ಎದೆಯ ತಳದಲ್ಲಿ ಸಣ್ಣಗೆ ಅಕ್ಕಿ ಹುರಿದ ಸದ್ದು.
"ಇನ್ನ ನೀರು ಬ್ಯಾಡ. ಮುಳುಗ್ತಾನ."
ಇರುವ ಒಂದೇ ಪಂಪಿನ ಧೂಳು ಒರೆಸಿ
ನಾಳ ಬಿಗಿಸುವ ಮದ್ದನ್ನು ಹನಿಹನಿ ಹತ್ತಿಸಿದೆವು.
ಎಂಬತ್ತೆರಡು.
ಎಂಬತ್ತು.
ಎಂಬತ್ತಾರು.
ಕಂಬಳಿ ಇನ್ನೊಂದು ಹೊದಿಸಿದೆ.

ಹೊರಗೆ ಬೆಂಚಿನಲ್ಲಿ ಹನ್ನೊಂದು ಜನವೂ ಕೂತಿದ್ದರು.
ಕಡಂಗದ ಮುದುಕಿ ತನ್ನ ಟಿಕೆಟ್ಟು ತೋರಿಸಿದಳು,
ಹಿಂಬದಿಗೆ ಪೆನ್ನಿನಲ್ಲಿ ಏಳು ಅಂತ ಬರೆದಿದೆ. ಚಿಲ್ಲರೆ ಬಾಕಿ.
"ಸಾಯುವವ ಹೀಗೆ ಬರೆದುಕೊಡ್ತಾನಾ ಮಗಳೇ?"
ಗೊತ್ತಿಲ್ಲ ಅಜ್ಜಿ.

ಮೂರೂಕಾಲಿಗೆ ಮೂತ್ರದ ಚೀಲದಲ್ಲಿ ಮೊದಲ ಹಳದಿ ಗೆರೆ.
ಟಾರ್ಚ್ ಬಿಟ್ಟು ನೋಡಿ ನಕ್ಕೆ. ಈ ಕೆಲಸದಲ್ಲಿ
ಎಂತೆಂಥದಕ್ಕೆಲ್ಲ ನಗುತ್ತೇವೆ!
ಐದಕ್ಕೆ ತೊಂಬತ್ತೆಂಟು. ಕೆಳಗಿನದೂ ಸಿಕ್ಕಿತು, ಅರವತ್ತು:
ದೂರದಲ್ಲಿ ಸೌದೆ ಒಡೆಯುತ್ತಿದ್ದವ
ಕೊಡಲಿ ಕೆಳಗಿಟ್ಟ ಹಾಗೆ.

ಬೆಳಕಾದ ಮೇಲೆ ಕಣ್ಣು ಬಿಟ್ಟ. ಕೋಪವಿತ್ತು ಅದರಲ್ಲಿ.
"ಯಾಕೆ ಸಿಸ್ಟರ್?"
ಕಡಂಗದ ಅಜ್ಜಿಗೆ ಏಳು ರೂಪಾಯಿ ಕೊಡಬೇಕಂತೆ, ಎಂದೆ.
ಅದು ಉತ್ತರವಲ್ಲ, ಇಬ್ಬರಿಗೂ ಗೊತ್ತು.
ಗೋಡೆಯ ಕಡೆ ಮುಖ ತಿರುಗಿಸಿಕೊಂಡ.
ಪಟ್ಟಿ ಕೈಗೆತ್ತಿಕೊಂಡೆ.
ತೋಳನ್ನು ಮಾತ್ರ ಇತ್ತ ಚಾಚಿದ.