ತೀರ್ಪು, ತಿರುಪು

'ತೀರ್ಪು ಬಂತು' ಅಂದ ಹುಡುಗ, ಬಾಗಿಲಲ್ಲೇ ನಿಂತು.
ಅರದ ಸದ್ದಿನಲ್ಲಿ ನನಗೆ ಕೇಳಿದ್ದು 'ತಿರುಪು ಬಂತು'.
ಕೊಯಮತ್ತೂರಿಗೆ ಬರೆದು ತಿಂಗಳಾಗಿತ್ತು,
ಹಿತ್ತಾಳೆಯವು, ಅಕ್ಕಿಕಾಳಿನಷ್ಟು ಸಣ್ಣವು, ಎರಡು ಡಜನ್ನು.
'ಅಲ್ಲೇ ಇಡು, ಕಾಸು ಸಂಜೆಗೆ' ಅಂದೆ.
ಹುಡುಗ ಪೇಪರು ಇಟ್ಟು ಹೋದ.

ಕೋವಿಗೆ ವಿನಾಯಿತಿ ಉಂಟು,
ಕೋವಿಯ ಮೇಲೆ ಹತ್ತಿ ಕೂರುವುದಕ್ಕಿಲ್ಲ.
ದುರ್ಬೀನು, ಬ್ಯಾಟರಿ ದೀಪ, ಸದ್ದು ನುಂಗುವ ಕೊಳವೆ
ಮೂವತ್ತು ದಿನದೊಳಗೆ ಠಾಣೆಗೆ.

ಮಧ್ಯಾಹ್ನಕ್ಕೆ ಗೋಣಿಕೊಪ್ಪದ ಅರ್ಧ ನನ್ನ ಅಂಗಡಿಯಲ್ಲಿ.
ಪಳಂಗಪ್ಪ ಮೇಜು ಗುದ್ದಿದ ರಭಸಕ್ಕೆ
ಕಬ್ಬಿಣದ ಪುಡಿ ಹಾರಿ ಅವನ ಚಹಾಕ್ಕೇ ಬಿತ್ತು.
'ರಾಜರ ಕಾಲದಿಂದ' ಎಂದು ಶುರುಮಾಡಿದ.
'ಯಾವ ರಾಜ, ದುರ್ಬೀನು ಕೊಟ್ಟವನು?'
ಕೇಳಿದ್ದು ಸುಬೇದಾರ್ ಅಪ್ಪಚ್ಚು:
'ದುರ್ಬೀನಿಟ್ಟು ತೆಂಗಿನಕಾಯಿ ಒಡೆಯುವುದು
ಕೈಗವಸು ಹಾಕಿ ಅಕ್ಕಿರೊಟ್ಟಿ ತಿಂದಂತೆ.'
ನಕ್ಕರು. ಅವರ ಕನ್ನಡಕದ ದಪ್ಪ
ಯಾರೂ ಎತ್ತಲಿಲ್ಲ.
ಮೂಲೆಯಲ್ಲಿ ಕಾನೂನು ಓದುವ ಹುಡುಗಿ ಕೇಳಿದಳು,
ನಲವತ್ತೊಂದು ಪುಟ, ನಿಮ್ಮಲ್ಲಿ ಯಾರು ಓದಿದ್ದೀರಿ?
ಆಗ ಎಲ್ಲರಿಗೂ ಬಸ್ಸಿನ ಹೊತ್ತಾಯಿತು.

ಚೋಂದಮ್ಮಕ್ಕ ಮಾತ್ರ ಎದ್ದು ಹೋಗಲಿಲ್ಲ.
ಗಂಡನ ಕೋವಿ, ಈಗ ಅವರದು.
ಊರಲ್ಲಿ ಸಾವಾದರೆ ಎರಡು ಗುಂಡು ಅವರೇ ಹಾರಿಸುವುದು.
ಹೆಗಲು ನೋಯುತ್ತದೆಂದು ಹಿಂಬದಿಗೆ
ಸ್ಕೂಟರಿನ ಟ್ಯೂಬು ಕತ್ತರಿಸಿ ಹೊಲಿದುಕೊಟ್ಟಿದ್ದೆ.
'ಇದೂ ಬಿಡಿಭಾಗವಾ?'
ಗೊತ್ತಿಲ್ಲ ಅಕ್ಕ.
'ಹಾಗಾದರೆ ಹೆಗಲನ್ನೂ ಠಾಣೆಗೆ ಕೊಡ್ತೇನೆ.
ರಸೀದಿ ಬರೆಸಿಕೊಂಡು.'

ನನ್ನ ಮನೆಯಲ್ಲಿ ಕೋವಿಯಿಲ್ಲ.
ನನ್ನ ಹೆಸರಲ್ಲಿರುವುದು ರಿಪೇರಿಯ ಲೈಸೆನ್ಸು,
ಗೋಡೆಗೆ ಹೊಡೆದದ್ದು, ಗೆದ್ದಲು ಒಂದು ಮೂಲೆ ತಿಂದದ್ದು.
ಕೈಲ್‌ಪೊಳ್ದಿನ ಹಿಂದಿನ ರಾತ್ರಿ ಐವತ್ತು ಕೊಳವೆಗೆ ಎಣ್ಣೆ ಬಿಟ್ಟು
ಬೆಳಗ್ಗೆ ನಾನು ಕುಂಕುಮ ಇಡುವುದು ಅರಕ್ಕೆ, ಸುತ್ತಿಗೆಗೆ.
ಆದರೂ ಆ ತೂತುಗಳೆಲ್ಲ ನಾನು ಕೊರೆದವು.
ತೀರ್ಪಿನಲ್ಲಿ ನನ್ನ ಹೆಸರಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬಾಳೆಲೆಯಿಂದ ಬೆಳ್ಯಪ್ಪ.
ಕಂಬಳಿ ಬಿಚ್ಚಿ ಕೋವಿ ಮಲಗಿಸಿದರು,
ಜ್ವರ ಬಂದ ಮಗುವನ್ನು ಡಾಕ್ಟರ ಮುಂದೆ ಮಲಗಿಸಿದ ಹಾಗೆ.
'ತೆಗೆ.'
ತಿರುಗಿಸಿದೆ. ಮೂರು ತಿರುಪು ತೀರ್ಪಿಗೆ ಒಪ್ಪಿದವು,
ನಾಲ್ಕನೆಯದು ತುಕ್ಕು ಹಿಡಿದು ಮೇಲ್ಮನವಿ ಹಾಕಿತು.
ಕಾಯಿಸಿದೆ, ಎಣ್ಣೆ ಬಿಟ್ಟೆ, ಬೈದೆ.
ಅಷ್ಟರಲ್ಲಿ ಅವರು, ಕೇಳದೆಯೇ:
'ಎಂಟು ವರ್ಷ. ಇದರಲ್ಲಿ ನೋಡಿ ಒಂದು ಗುಂಡೂ ಹೊಡೆದಿಲ್ಲ.
ಕಕ್ಕಡದಲ್ಲಿ ಎದುರು ಬೆಟ್ಟಕ್ಕೆ ಒಂದು ಹೆಣ್ಣಾನೆ ಬರುತ್ತದೆ,
ಎಡಗಿವಿ ಹರಿದದ್ದು.
ಬಂದಳಾ ಅಂತ ನೋಡುವುದು, ಅಷ್ಟೇ.
ಈ ಸಲ ಮರಿ ಉಂಟು.'
ನಾಲ್ಕನೆಯ ತಿರುಪು ಕಿರ್ ಎಂದಿತು.

ಕೋವಿಯ ಮೇಲೆ ನಾಲ್ಕು ಬರಿಯ ತೂತು.
ಬೆರಳಿಟ್ಟು ನೋಡಿದರು.
ಮುಚ್ಚಲು ಹಿತ್ತಾಳೆ ತಿರುಪು ಬೇಕು, ಬಂದಿಲ್ಲ ಎಂದೆ.
ಜೇನುಮೇಣ ಬಿಸಿಮಾಡಿ ತುಂಬಿದೆ, ಉಗುರಿನಿಂದ ಒತ್ತಿ.
'ಹಬ್ಬಕ್ಕೆ ಕೊಳವೆಯಲ್ಲಿ ತೋಕ್ ಪೂ ಇಡುತ್ತೇವಲ್ಲ,
ಅದು ಠಾಣೆಯವರ ಲೆಕ್ಕದಲ್ಲಿ ಏನು?' ಎಂದರು.
ನಗಲೋ ಬೇಡವೋ ತಿಳಿಯಲಿಲ್ಲ.

ಹೊರಡುವ ಮುಂಚೆ ದುರ್ಬೀನನ್ನು ಕಣ್ಣಿಗಿಟ್ಟರು,
ಕತ್ತಲಲ್ಲಿ, ಉಲ್ಟಾ ಹಿಡಿದು, ನನ್ನ ಕಡೆ.
'ಅಬ್ಬ, ಎಷ್ಟು ದೂರ ಇದ್ದೀಯ ಮಾರಾಯ' ಎಂದರು.
ಮೇಜಿನ ಈಚೆ ನಾನು,
ಆಚೆ ಅವರು.