ಎರಡನೇ ಬಸೂನಿನ ಹಾಳೆಗಳು

ಲಾ ಪಾಸ್ ಊರಿನಲ್ಲಿ ಗಾಳಿಯೂ ಪಡಿತರ.
ಹನ್ನೆರಡು ಸಾವಿರ ಅಡಿ ಮೇಲೆ,
ವಿಯೆನ್ನಾದವ ಒಂದೇ ಉಸಿರಿಗೆಂದು ಬರೆದದ್ದನ್ನು
ಮೂರಾಗಿ ಮುರಿದು ಊದಬೇಕು.

ಅದಕ್ಕೇ ರಾಷ್ಟ್ರೀಯ ವಾದ್ಯವೃಂದದ
ಎರಡನೇ ಬಸೂನಿನ ಹಾಳೆಗಳ ತುಂಬ
ಪೆನ್ಸಿಲ್ಲಿನ ಅಲ್ಪವಿರಾಮಗಳು:
ಇಲ್ಲಿ ಉಸಿರು. ಇಲ್ಲಿ, ಕದ್ದು.

ಗ್ರಂಥಪಾಲಕಿ ಇಲಾರಿಯಾ ಚಂಬಿ ಒಂದನ್ನೂ ಅಳಿಸಿಲ್ಲ.
ಚರಿತ್ರೆ ಕೇಳಿ ಬಂದ ಸಚಿವಾಲಯದ ಹುಡುಗನಿಗೆ
ಪದಕಗಳ ಕಪಾಟು ಬಿಟ್ಟು
ಈ ರಟ್ಟಿನ ಪೆಟ್ಟಿಗೆ ತೆರೆದಳು.

"ನೋಡು, ಹೊರಗೆ ಗಣಿಯವರ ಡೈನಮೈಟು ಸಿಡಿದದ್ದು ಇಲ್ಲಿ,
ನಿಂತು, ಮತ್ತೆ ಹಿಡಿದದ್ದು ಇಲ್ಲಿ.
ಇದು ಸಂಬಳವಿಲ್ಲದ ಚಳಿಗಾಲ; ಕೈಗವುಸಿನ ಜಿಡ್ಡು.
ಇದು ಟ್ಯಾಂಕುಗಳ ವಾರ. ಗುರುತು ಹಾಕಿದವನೇ ಕಾಣೆ.
ಅವನ ಕುರ್ಚಿಗೆ ಬಂದವನು
ಅವನ ಗುರುತಿನಲ್ಲೇ ಉಸಿರೆಳೆದ."

ಹುಡುಗನ ಪೆನ್ನು ತಡೆಯಿತು.
"ಸಾಧನೆ?" ಎಂದ.

ಅಡಿಯಿಂದ ಒಂದು ಹಾಳೆ ಎಳೆದಳು, ಉಪ್ಪುಗಾಳಿಗೆ ಸೊಟ್ಟಗಾದದ್ದು.
ಆಂತೋಫಗಾಸ್ತಾ. ಮುತ್ತಜ್ಜಂದಿರು ಯುದ್ಧದಲ್ಲಿ ಕಳೆದುಕೊಂಡ ಕಡಲು.
ಅಲ್ಲಿಗೆ ಕಚೇರಿಗೆ ಹೋದವರು
ಕಡಲಮಟ್ಟದ ದಪ್ಪ ಗಾಳಿ ಕುಡಿದು
ಅಷ್ಟುದ್ದದ ಸಾಲನ್ನು ಒಂದೇ ದಮ್ಮಿಗೆ ದಾಟಿದರಂತೆ.

ಅಂಚಿನಲ್ಲಿ ಬಸೂನಿನವನ ಇರುವೆಯಕ್ಷರ:
ಇನ್ನೂ ಮಿಕ್ಕಿದೆ.